ನದಿಯಾಚೆ ಕೊಟ್ಟ ಅರ್ಜಿ

"ನದಿಯಾಚೆ ಗಾಳಿ ಚೆನ್ನಾಗಿ ಬೀಸುತ್ತಂತಲ್ಲ, ಟ್ವೈಲಾ?"

ಮೇಲ್ವಿಚಾರಕ ಗ್ಲೆನ್ ನಗುತ್ತಲೇ ಕೇಳಿ ಮುಂದಿನ ಸಾಲಿಗೆ ಹೋದ. ಟ್ವೈಲಾ ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆದಳು. ನಿನ್ನೆ ಊಟದ ಬಿಡುವಿನಲ್ಲಿ ಸೇತುವೆ ದಾಟಿ ಆಚೆಯ ಕಾರ್ಖಾನೆಗೆ ಅರ್ಜಿ ಕೊಟ್ಟು ಬಂದಿದ್ದಳು. ಒಂದು ದಿನವೂ ಆಗಿರಲಿಲ್ಲ.

ಇಂಡಿಯಾನಾದ ಆ ಊರಿನಲ್ಲಿ ಕೆಲಸವೆಂದರೆ ಎರಡೇ ಜಾಗ. ನದಿಯ ಈಚೆಗೊಂದು, ಆಚೆಗೊಂದು, ಪ್ರವಾಸದ ಮನೆಗಾಡಿಗಳನ್ನು ಕಟ್ಟುವ ಕಾರ್ಖಾನೆ. ಹತ್ತೊಂಬತ್ತು ವರ್ಷದಿಂದ ಟ್ವೈಲಾ ಈಚೆಯದರಲ್ಲಿ ಸೀಟಿನ ಹೊದಿಕೆ ಹೊಲಿಯುತ್ತಿದ್ದಳು. ನಾಲ್ಕು ವರ್ಷದಿಂದ ಸಂಬಳ ಏರಿರಲಿಲ್ಲ. ಆಚೆಯ ಗೇಟಿನಲ್ಲಿ ‘ಹೊಲಿಗೆಯವರು ಬೇಕಾಗಿದ್ದಾರೆ’ ಎಂಬ ಫಲಕ ನೋಡಿ, ಎರಡು ವಾರ ಯೋಚಿಸಿ ಧೈರ್ಯ ಮಾಡಿದ್ದಳು. ವಿಷಯ ಹೇಳಿದ್ದು ಒಬ್ಬಳಿಗೇ, ಅಂಟಿನ ಶೆಡ್ಡಿನಲ್ಲಿ ಕೆಲಸ ಮಾಡುವ ಗೆಳತಿ ಇನೆಸ್‌ಗೆ. ಅವಳು "ನೋಡ್ಕೊಂಡು ಹೆಜ್ಜೆ ಇಡು ಕಣೆ" ಎಂದಷ್ಟೇ ಹೇಳಿ ಮುಖ ತಿರುಗಿಸಿದ್ದಳು.

ಮುಖ ತಿರುಗಿಸಿದ್ದು ಏಕೆಂದು ಈಗ ಅರ್ಥವಾದಂತಾಯಿತು.

ಊಟದ ಹೊತ್ತಿಗೆ ಟ್ವೈಲಾ ಬೇರೆ ಮೇಜಿನಲ್ಲಿ ಕುಳಿತಳು. ಇನೆಸ್ ತಮಾಲೆ ಕಡುಬಿನ ಡಬ್ಬಿ ಹಿಡಿದುಕೊಂಡು ಅಲ್ಲಿಗೇ ಬಂದಳು.

"ಯಾಕೆ, ನನ್ನ ಮೇಲೆ ಕೋಪಾನಾ?"

"ನಿನ್ನ ಮೇಲಲ್ಲ. ನಿನ್ನ ನಾಲಿಗೆ ಮೇಲೆ."

ಇನೆಸ್ ಡಬ್ಬಿ ಮುಚ್ಚಿಕೊಂಡು ಹೋದಳು. ತಪ್ಪಿಲ್ಲದವಳು ಹಾಗೆ ಸುಮ್ಮನೆ ಹೋಗುತ್ತಾಳೆಯೇ? ಗುರುವಾರ ಇನೆಸ್‌ಗೆ ಅರ್ಧ ದಿನ ರಜೆ ಸಿಕ್ಕಿತು. ಟ್ವೈಲಾಳ ಲೆಕ್ಕಕ್ಕೆ ಅದೂ ಚಾಡಿ ಹೇಳಿದ್ದಕ್ಕೆ ಒಂದು ಸಾಕ್ಷಿ. ಆ ಸಂಜೆ ಆಚೆಯ ಕಚೇರಿಗೆ ಫೋನ್ ಮಾಡಿದರೆ "ಸದ್ಯಕ್ಕೆ ಜಾಗ ಇಲ್ಲಮ್ಮ" ಎಂದರು. ಫಲಕ ಮಾತ್ರ ಇನ್ನೂ ಗೇಟಿನಲ್ಲೇ ಇತ್ತು.

ಶುಕ್ರವಾರ ಊಟದ ಬಿಡುವಿನಲ್ಲಿ ಗ್ಲೆನ್ ಅವಳನ್ನು ಕೋಣೆಗೆ ಕರೆಸಿದ.

"ಸೋಮವಾರದಿಂದ ಅಂಟಿನ ಶೆಡ್ಡಿಗೆ ಹೋಗು. ಅಲ್ಲಿ ಜನ ಸಾಲ್ತಿಲ್ಲ."

"ಆ ವಾಸನೆ ನನಗೆ ಆಗಲ್ಲ. ನಾನು ಹೊಲಿಯೋಳು."

"ಬೇಡ ಅಂದ್ರೆ ಬೇರೆ ಕಡೆ ನೋಡ್ಕೊ. ಎಲ್ಲಿ ನೋಡ್ತೀಯೋ ನಂಗಂತೂ ಗೊತ್ತಿಲ್ಲಪ್ಪ."

ವರ್ಗಾವಣೆಯ ಹಾಳೆ ತರಲು ಅವನು ಪಕ್ಕದ ಕೋಣೆಗೆ ಹೋದ. ಮೇಜಿನ ಮೇಲೆ ಕಡತವೊಂದು ತೆರೆದೇ ಇತ್ತು. ಮೇಲಿನ ಹಾಳೆಯಲ್ಲಿದ್ದದ್ದು ಅವಳದೇ ಅಕ್ಷರ. ತಲೆಬರಹ ಆಚೆಯ ಕಾರ್ಖಾನೆಯದು, ‘ಸ್ವೀಕರಿಸಲಾಗಿದೆ’ ಎಂಬ ಮೊಹರೂ ಅವರದೇ. ಕೆಳಗೆ ಇನ್ನೂ ಏಳೆಂಟು ಅರ್ಜಿಗಳು. ಎರಡನೆಯದು ಇನೆಸ್‌ಳದು, ಮಾರ್ಚ್ ತಿಂಗಳ ತಾರೀಖು. ಅದೇ ಮಾರ್ಚ್‌ನಲ್ಲಿ ಅವಳು ಹೊಲಿಗೆ ಬಿಟ್ಟು ಅಂಟಿನ ಶೆಡ್ಡಿಗೆ ಹೋಗಿದ್ದಳು. ಕಣ್ಣು ಸೋಲುತ್ತಿದೆ, ನಾನೇ ಕೇಳಿಕೊಂಡೆ ಎಂದು ಎಲ್ಲರಿಗೂ ಹೇಳಿದ್ದಳು.

ಟ್ವೈಲಾ ಗ್ಲೆನ್‌ಗಾಗಿ ಕಾಯಲಿಲ್ಲ. ಹಾಳೆಗಳನ್ನೆಲ್ಲ ಬಾಚಿಕೊಂಡು ಊಟದ ಕೋಣೆಗೆ ನಡೆದು, ಇನೆಸ್‌ಳದನ್ನು ಅವಳ ಮುಂದಿಟ್ಟಳು.

ಇನೆಸ್ ಮೊಹರಿನ ಮೇಲೆ ಬೆರಳಿಟ್ಟಳು. "ಎಲ್ಲಿತ್ತು ಇದು?"

"ಗ್ಲೆನ್ ಮೇಜಿನ ಮೇಲೆ. ನಂದೂ ಅಲ್ಲೇ ಇತ್ತು. ಆಚೆಯವರೇ ಇವನಿಗೆ ಕಳಿಸ್ತಾರೆ."

"ಇದನ್ನ ಕೊಡೋಕೆ ಹೋದಾಗ ಸೇತುವೆ ಮೇಲೆ ನೀನು ನನ್ನ ನೋಡಿ ಕೈ ಬೀಸಿದ್ದೆ, ನೆನಪಿದೆಯಾ? ಮಾರನೇ ದಿನವೇ ಗ್ಲೆನ್ ಕರೆಸಿ ಅಂಟಿನ ಶೆಡ್ಡಿಗೆ ಹಾಕಿದ. ಆರು ತಿಂಗಳಿಂದ ನೀನೇ ಹೇಳಿದ್ದು ಅಂದ್ಕೊಂಡಿದ್ದೀನಿ ಕಣೆ."

ಟ್ವೈಲಾ ಆ ಹಾಳೆಯ ಪಕ್ಕದಲ್ಲೇ ತನ್ನದನ್ನೂ ಇಟ್ಟಳು. ಉಳಿದ ಹಾಳೆಗಳ ಹೆಸರು ಓದಿ ಒಬ್ಬೊಬ್ಬರ ಕೈಗೂ ಕೊಡುತ್ತ ಹೋದಳು.

"ಅಯ್ಯೋ, ಹೋದ ವರ್ಷದ್ದು!" ಎಂದಳು ವಯಸ್ಸಾದ ಮಾರ್ಲಿಸ್. "ನಾನು ಸುಮ್ಮಸುಮ್ಮನೆ ಈ ಓಪಲ್‌ನ ಅನುಮಾನಿಸಿ..." ಎದುರಿಗೆ ಕುಳಿತಿದ್ದ ಓಪಲ್ ತಲೆ ಎತ್ತಿದಳು. ಮಾರ್ಲಿಸ್ ತನ್ನ ಅರ್ಜಿಯನ್ನು ಅವಳತ್ತ ಸರಿಸಿದಳು.

ಬಿಡುವು ಮುಗಿದ ಗಂಟೆ ಹೊಡೆಯಿತು. ಬಾಗಿಲಲ್ಲಿ ಗ್ಲೆನ್ ಬಂದು ನಿಂತ. ಯಾರೂ ಏಳಲಿಲ್ಲ. ಗಾಜಿನಾಚೆ, ಸೀಟುಗಳಿಲ್ಲದ ಮನೆಗಾಡಿಯೊಂದು ಜೋಡಣೆಯ ಹಳಿಯ ಮೇಲೆ ನಿಧಾನವಾಗಿ ಮುಂದೆ ಸರಿಯಿತು. ಅದರ ಹಿಂದೆ ಇನ್ನೊಂದು.