ದಿನಕ್ಕೊಂದು ಷೇರು

ನಮ್ಮಪ್ಪ ಕಟ್ಟಿದ್ದು ಅಂಗಿ ಗುಂಡಿಯ ಕಾರ್ಖಾನೆ. ನಾನು ಗುಂಡಿಗೆ ಬಿದ್ದದ್ದು ಅವರು ತೀರಿಕೊಂಡ ಮೇಲೆ.

ಪಾಲಾಗುವಾಗ, ಕಾರ್ಖಾನೆ ನಡೆಸುತ್ತಿದ್ದ ಅಣ್ಣ ಮನೆಯನ್ನು ತಾನಿಟ್ಟುಕೊಂಡು ಇಪ್ಪತ್ತು ಸಾವಿರ ಷೇರು ನನಗೆ ಕೊಟ್ಟ. "ಪೇಟೆಯಲ್ಲಿ ಒಂದಕ್ಕೆ ಎಂಟುನೂರ ಹನ್ನೆರಡು. ಗುಣಿಸಿ ನೋಡ್ಕೋ ಪುಟ್ಟಿ, ಮನೆಗಿಂತ ಒಂದು ಕೈ ಮೇಲೇ ಇದೆ," ಅಂದ. ನಲವತ್ತಾರು ವರ್ಷ ನನಗೆ, ಇನ್ನೂ ಪುಟ್ಟಿ! ಗುಣಿಸಿದೆ, ಸಹಿ ಹಾಕಿದೆ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಅಲ್ಲಿಂದ ಅವನ ಮನೆಯಲ್ಲೇ, ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ನನ್ನ ವಾಸ. ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯದು. ಷೇರು ಮಾರಿ ಎರಡು ಕೋಣೆಯ ಸ್ವಂತ ಮನೆ ಕೊಳ್ಳುವುದೆಂದು ನಿಶ್ಚಯಿಸಿದ್ದೆ. ಮನೆ ನೋಡಿಯೂ ಆಗಿತ್ತು. ಅದರ ಯಜಮಾನಿ ಶುಕ್ರವಾರದವರೆಗೆ ಕಾಯುತ್ತೇನೆ ಎಂದಿದ್ದಳು.

ಸೋಮವಾರ ದಲ್ಲಾಳಿಯ ಕಚೇರಿಗೆ ಹೋಗಿ, ಎಲ್ಲವನ್ನೂ ಎಂಟುನೂರ ಹನ್ನೆರಡಕ್ಕೆ ಮಾರಲು ಹೇಳಿದೆ. ಸಂಜೆಯೊಳಗೆ ಹೋದದ್ದು ಒಂದು.

"ಒಂದು ಸಾವಿರವೇ?"

"ಒಂದೇ ಒಂದು, ಮೇಡಂ. ದಿನಾ ಅಷ್ಟೇ ಹೋಗೋದು."

"ಮತ್ತೆ ಇಷ್ಟು ಬೆಲೆ ಅಂತ ತೋರಿಸ್ತಿದೆಯಲ್ಲ!"

"ಕೊನೇ ಸಲ ಒಂದು ಷೇರು ಎಷ್ಟಕ್ಕೆ ಕೈ ಬದಲಾಯಿಸ್ತೋ, ಅದೇ ಎಲ್ಲಾ ಷೇರಿನ ಬೆಲೆ. ಅದನ್ನೇ ಗುಣಿಸಿ ಕಂಪನಿ ಬೆಲೆ ಅಂತಾರೆ. ಕೊಳ್ಳೋರು ಎಷ್ಟು ಜನ ಅಂತ ಯಾರೂ ಕೇಳಲ್ಲ."

"ಹಾಗಾದ್ರೆ ಅರ್ಧ ಬೆಲೆಗೆ ಹಾಕಿ."

"ದಿನಕ್ಕೆ ನೂರಕ್ಕೆ ಐದರಷ್ಟೇ ಇಳಿಸೋಕೆ ಬಿಡೋದು. ಇಳಿಸಿದ್ರೂ ತಗೊಳ್ಳೋರು ಬೇಕಲ್ಲ ಮೇಡಂ?"

ಕನ್ನಡಿಯೊಳಗಿನ ಗಂಟು ಅಂದರೆ ಇದೇ ಅಂತ ಆಗ ಗೊತ್ತಾಯಿತು. ಮಂಗಳವಾರವೂ ಹೋದದ್ದು ಒಂದೇ.

ಬುಧವಾರ ಮಧ್ಯಾಹ್ನ ಮೂರರ ಸುಮಾರಿಗೆ ಅಡುಗೆಮನೆಯಲ್ಲಿ ಅತ್ತಿಗೆ ಫೋನಿನಲ್ಲಿ ತನ್ನ ದಲ್ಲಾಳಿಯ ಮೇಲೆ ರೇಗುತ್ತಿದ್ದಳು. "ಎರಡು ದಿನದಿಂದ ನನ್ನ ಷೇರು ಯಾಕ್ರೀ ಹೋಗ್ತಿಲ್ಲ? ನಾನು ಒಂದು ಮಾರ್ತೀನಿ, ನಮ್ಮೆಜಮಾನ್ರು ಕೊಳ್ತಾರೆ. ಸಾಲಿನಲ್ಲಿ ನನ್ನ ಮುಂದೆ ಯಾರು ಬಂದು ನಿಂತಿದ್ದಾರೆ?"

ಮುಂದೆ ಬಂದು ನಿಂತವಳು ಗೋಡೆಯಾಚೆ ಮಂಚದ ಮೇಲೆ ಕೂತಿದ್ದಳು! ಇಡೀ ಪೇಟೆಯಲ್ಲಿ ಕೊಳ್ಳುವವನು ಅಣ್ಣ, ಮಾರುವವಳು ಅತ್ತಿಗೆ. ಗಂಡಹೆಂಡಿರು ಊಟದ ಮೇಜಿನಲ್ಲಿ ಉಪ್ಪು ದಾಟಿಸಿದ ಹಾಗೆ ಷೇರು ದಾಟಿಸುತ್ತಿದ್ದರು. ಆ ಬೆಲೆ ನಂಬಿ ನಾನು ಮನೆ ಬಿಟ್ಟುಕೊಟ್ಟಿದ್ದೆ. ಮೈಯೆಲ್ಲ ಉರಿಯಿತು.

ಅಣ್ಣ ಬಂದ ಕೂಡಲೇ ಮುಖದ ಮೇಲೇ ಹೇಳಿದೆ: "ನಾಳೆನೇ ಹೋಗಿ ಷೇರುಪೇಟೆಯೋರಿಗೆ ದೂರು ಕೊಡ್ತೀನಿ."

ಅವನು ಚಪ್ಪಲಿ ಬಿಡುತ್ತಾ, "ಕೊಡು. ವ್ಯಾಪಾರ ನಿಲ್ಲಿಸ್ತಾರೆ. ಆಮೇಲೆ ನಿನ್ನ ಷೇರನ್ನ ರದ್ದಿಯೋನೂ ಮುಟ್ಟಲ್ಲ," ಅಂದ. ಆಮೇಲೆ ದನಿ ತಗ್ಗಿಸಿದ. "ನನ್ನದೂ ಎಲ್ಲಾ ಅದರಲ್ಲೇ ಇದೆ ಕಣೇ. ಆ ಬೆಲೆ ನಿಂತಿದ್ರೆ ಯಾರಾದ್ರೂ ದೊಡ್ಡೋರು ಕಂಪನಿ ಕೊಳ್ಳೋಕೆ ಬಂದಾರು. ಬಂದ ದಿನ ನಿನ್ನದೂ ಹೋಗುತ್ತೆ. ಅಲ್ಲೀವರೆಗೆ ಬಾಯಿ ಮುಚ್ಕೊಂಡಿರು."

ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ರಾತ್ರಿಯೆಲ್ಲ ಅತ್ತೆ. ದೂರು ಕೊಡಲು ಹೋಗಲಿಲ್ಲ. ಮಾರಲು ಹಾಕಿದ್ದನ್ನೂ ವಾಪಸು ತೆಗೆದೆ. ಶುಕ್ರವಾರ ಆ ಯಜಮಾನಿ ಮನೆಯನ್ನು ಹೊಸದಾಗಿ ಮದುವೆಯಾದ ಜೋಡಿಗೆ ಕೊಟ್ಟಳು.

ಮರುವಾರ ಅತ್ತಿಗೆ ತಂಗಿಯ ಬಾಣಂತನಕ್ಕೆ ಹೋದಳು. ಅಂದೇ ಮಧ್ಯಾಹ್ನ ಎರಡೂವರೆಗೆ ಅಣ್ಣನ ಫೋನು.

"ಪುಟ್ಟಿ, ನಿಮ್ಮತ್ತಿಗೆ ಫೋನಿಗೆ ಸಿಗ್ತಿಲ್ಲ. ಇವತ್ತು ನಿನ್ನದೊಂದು ಮಾರೋಕೆ ಹೇಳು. ನಾನು ತಗೋತೀನಿ. ವ್ಯಾಪಾರ ಆಗದಿದ್ರೆ ಚೆನ್ನಾಗಿರಲ್ಲ."

ಥೂ ಎಂದು ಉಗಿಯಬೇಕೆಂದುಕೊಂಡೆ. ಅರ್ಧ ತೆರೆದ ಬಾಗಿಲು ನೋಡಿದೆ. ಮನಸ್ಸು ಆಗಲೇ ಗುಣಿಸಲು ಶುರುಮಾಡಿತ್ತು.

"ಎಂಟುನೂರ ಹದಿಮೂರು ಮಾಡೋಣ್ವಾ, ಅಣ್ಣ?" ಅಂದೆ.