ಯಾರಿಂದ ಬಂದ ನಿದ್ದೆ

ತೊಟ್ಟಿಲ ಮೇಲೆ ಇಳಿಬಿಟ್ಟ ಸೀರೆಯನ್ನು ಸರಿಸಿದರೆ ಎರಡು ಕಣ್ಣುಗಳು ಅಗಲವಾಗಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದವು. ಆ ವರ್ಷಗಳನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಆ ಕಣ್ಣುಗಳೇ. ಅಳುವಿಲ್ಲ, ರಂಪವಿಲ್ಲ, ಹಾಡು ಯಾಕೆ ನಿಲ್ಲಿಸಿದೆ ಎಂದು ಕೇಳುವಂಥ ಒಂದು ನೋಟ. ಅಷ್ಟು ಹೊತ್ತಿಗೆ ನನ್ನ ಗಂಟಲು ಒಣಗಿ, ತೂಗಿ ತೂಗಿ ತೋಳು ಸೋತಿರುತ್ತಿತ್ತು. ಸೀರೆಯನ್ನು ಮತ್ತೆ ಇಳಿಬಿಟ್ಟು, ಹಲ್ಲು ಕಚ್ಚಿಕೊಂಡು ತೂಗುತ್ತಿದ್ದೆ.

ನಮ್ಮ ಮಗಳು ಚಾರುವಿಗೆ ಆಗ ಒಂದೂವರೆ ವರ್ಷ. ಓರಗೆಯ ಮಕ್ಕಳು ಮಲಗುವುದರ ಅರ್ಧದಷ್ಟೂ ಅವಳು ಮಲಗುತ್ತಿರಲಿಲ್ಲ. ಎಷ್ಟು ತಡವಾಗಿ ಕಣ್ಣು ಮುಚ್ಚಿದರೂ ಕೋಳಿ ಕೂಗುವ ಮೊದಲೇ ಎದ್ದು ಕೂತು, ನನ್ನ ಮೂಗು ಹಿಡಿದೆಳೆದು ಎಬ್ಬಿಸುತ್ತಿದ್ದಳು. ಎಣ್ಣೆ ತಿಕ್ಕಿ ಬಿಸಿನೀರು ಹಾಕಿದೆ, ಜಾಯಿಕಾಯಿ ತೇಯ್ದು ನೆಕ್ಕಿಸಿದೆ, ದೃಷ್ಟಿ ತೆಗೆದೆ. ಯಾರು ಏನು ಹೇಳಿದರೂ ಮಾಡಿದೆ. ನನ್ನ ಗಂಡ ನರಹರಿ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟರು. ಕೂತಲ್ಲೇ ನಿದ್ದೆ ಹೋಗುವ ಮನುಷ್ಯ. ಮದುವೆಯ ಮಂಟಪದಲ್ಲೇ ತೂಕಡಿಸಿ ನಗೆಪಾಟಲಾದವರು. ಅವರ ಗೊರಕೆ ಕೇಳುತ್ತ ತೊಟ್ಟಿಲು ತೂಗುವಾಗ ನನಗೆ ಬರುತ್ತಿದ್ದ ಸಿಟ್ಟು ಅಷ್ಟಿಷ್ಟಲ್ಲ.

ಒಂದು ಮಧ್ಯಾಹ್ನ ಒಲೆಯ ಮೇಲೆ ಹಾಲಿಟ್ಟು, ನಿಂತಲ್ಲೇ ಜೊಂಪು ಹತ್ತಿತು. ಸುಟ್ಟ ವಾಸನೆಗೆ ಎಚ್ಚರವಾದಾಗ ಸೆರಗಿನ ಅಂಚು ಹೊಗೆಯಾಡುತ್ತಿತ್ತು. ಮಗು ನನ್ನ ಸೊಂಟದ ಮೇಲಿತ್ತು.

ಆ ಸುದ್ದಿ ಕೇಳಿ ಅಕ್ಕ ಭಾಗೀರಥಿ ಬಂದಳು. ನಾಲ್ಕು ಮಕ್ಕಳನ್ನು ಹೇಳಿದ ಹೊತ್ತಿಗೆ ಮಲಗಿಸಿ, ಹೇಳಿದ ಹೊತ್ತಿಗೆ ಎಬ್ಬಿಸಿ ಬೆಳೆಸಿದೆನೆಂಬ ಹೆಮ್ಮೆ ಅವಳದು. ನನ್ನನ್ನು ಕೋಣೆಗೆ ಅಟ್ಟಿ ಮಗುವನ್ನು ತಾನು ಎತ್ತಿಕೊಂಡಳು. ಮುದ್ದು ಮಾಡಿದರೆ ಮಕ್ಕಳು ತಲೆ ಮೇಲೆ ಕೂರುತ್ತವೆ, ಸ್ವಲ್ಪ ಗದರಬೇಕು ಎಂದಳು. ವಾರ ಕಳೆಯುವುದರೊಳಗೆ ಅವಳ ಕಣ್ಣು ಕೆಂಪಡರಿ, ಹಾಲಿನವನ ಮೇಲೂ ರೇಗತೊಡಗಿದಳು. ಕಡೆಗೆ ಬಟ್ಟೆ ಕಟ್ಟಿಕೊಂಡು ಹೊರಟು ನಿಂತಾಗ ಹೇಳಿದಳು:

“ಕೂಸು ಮಲಗೋದು ತಾಯಿ ಮೈವಾಸನೆಗೆ ಕಣೇ. ಅದು ನಿನಗೆ ಕೂಡಿಬರಲಿಲ್ಲ. ನಾನೇನು ಮಾಡಲಿ?”

ತೊಟ್ಟಿಲ ಸೀರೆ ಸರಿಸಿ ಆ ತೆರೆದ ಕಣ್ಣುಗಳನ್ನು ಕಂಡಾಗಲೆಲ್ಲ ನನ್ನೊಳಗೆ ಏಳುತ್ತಿದ್ದ ಮಾತೂ ಅದೇ ಆಗಿತ್ತು.

ಆಮೇಲೆ ನಾವಿಬ್ಬರೂ ಮಗುವನ್ನು ಡಾಕ್ಟರ್ ಯಮುನಾಬಾಯಿಯವರ ಬಳಿ ಕರೆದುಕೊಂಡು ಹೋದೆವು. ಮಕ್ಕಳನ್ನು ನೋಡುತ್ತಲೇ ತಲೆ ನೆರೆತ ಹೆಂಗಸು. ತೂಕ ಸರಿಯಾಗಿದೆ, ಆಟಪಾಟ ಸರಿಯಾಗಿದೆ, ಕಾಯಿಲೆ ಏನೂ ಇಲ್ಲ ಎಂದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು:

“ನಿಮ್ಮಿಬ್ಬರಲ್ಲಿ ಚಿಕ್ಕಂದಿನಲ್ಲಿ ಹೀಗಿದ್ದೋರು ಯಾರು?”

ನಾನು ಬಾಯಿ ತೆರೆಯುವ ಮೊದಲೇ ನರಹರಿ, “ನಾನೇ,” ಎಂದರು. “ನನ್ನಿಂದ ಮನೇಲಿ ಯಾರೂ ಮಲಗ್ತಿರಲಿಲ್ಲವಂತೆ. ನಮ್ಮಮ್ಮ ಹೇಳ್ತಿದ್ರು.”

ಡಾಕ್ಟರು ಹುಡುಕುತ್ತಿದ್ದದ್ದು ಸಿಕ್ಕಂತೆ ತಲೆಯಾಡಿಸಿದರು. ಅವಳಿ ಮಕ್ಕಳನ್ನು ಹೋಲಿಸಿ ನೋಡಿ ತಿಳಿದ ವಿಷಯ ಇದು ಎಂದು ವಿವರಿಸಿದರು. ಎಳೆಯ ಮಕ್ಕಳು ರಾತ್ರಿ ಎಷ್ಟು ಹೊತ್ತು ಮಲಗುತ್ತಾರೆ ಎಂಬುದು ಬಹುಮಟ್ಟಿಗೆ ಹೆತ್ತವರಿಂದ ಬಂದದ್ದು. ಹಗಲು ನಿದ್ದೆಯನ್ನಾದರೆ ಮನೆಯವರು ರೂಢಿ ಮಾಡಿಸಬಹುದು. ಬೆಳೆಯುತ್ತ ಹೋದಂತೆ ಸುಧಾರಿಸುತ್ತಾಳೆ, ಅಲ್ಲಿಯವರೆಗೆ ಇಬ್ಬರೂ ಪಾಳಿ ಹಾಕಿಕೊಳ್ಳಿ ಎಂದು ಹೇಳಿ ಕಳಿಸಿದರು.

ಹೊರಗೆ ಬಂದಾಗ ನನ್ನ ಮೈಯೆಲ್ಲ ಉರಿಯುತ್ತಿತ್ತು. ಚಾರು ನಾವು ಹೆತ್ತ ಮಗುವಲ್ಲ. ಐದು ತಿಂಗಳ ಕೂಸಾಗಿದ್ದಾಗ ಅನಾಥ ಶಿಶುಗಳ ಆಶ್ರಮದಿಂದ ತಂದು ಮಡಿಲಿಗೆ ಹಾಕಿಕೊಂಡಿದ್ದೆವು. ಡಾಕ್ಟರ ಮುಂದೆ ಯಾಕೆ ಸುಳ್ಳು ಹೇಳಿದಿರಿ ಎಂದು ಬೀದಿಯಲ್ಲೇ ಕೇಳಿದೆ. ಅವರು ಮಗುವಿನ ಟೋಪಿ ಸರಿಮಾಡಿದರು.

“ಯಾರಾದರೂ ಒಬ್ಬರು ಹೌದು ಅನ್ನಬೇಕಿತ್ತು. ಅವಳಿಗೆ ಹಿಂದೆ ಯಾರೂ ಇಲ್ಲ ಅಂತ, ಅವಳನ್ನ ತೊಡೆ ಮೇಲೆ ಕೂರಿಸಿಕೊಂಡು ಹೇಳೋಕೆ ನನಗೆ ಬಾಯಿ ಬರಲಿಲ್ಲ.”

ಆ ಮಾತಿಗೆ ನಾನು ಕರಗಲಿಲ್ಲ. ಮರುದಿನ ಒಬ್ಬಳೇ ಹೋಗಿ ನಿಜ ಹೇಳಿದೆ. ಯಮುನಾಬಾಯಿಯವರು ಬೇಸರಪಟ್ಟುಕೊಳ್ಳಲಿಲ್ಲ.

“ಹಾಗಾದ್ರೆ ಬರುವಾಗಲೇ ತಂದುಕೊಂಡಿದ್ದಾಳೆ. ನೀವು ಮಾಡಿದ್ದರಿಂದ ಬಂದದ್ದಲ್ಲಮ್ಮ, ಮಾಡದೆ ಬಿಟ್ಟದ್ದರಿಂದಲೂ ಅಲ್ಲ.”

ಹಗುರಾಗಬೇಕಿತ್ತು. ತಪ್ಪು ನನ್ನದಲ್ಲ ಎಂದಾಗ ಅಳು ಬಂದದ್ದು ನಿಜ. ಆದರೆ ಮನೆ ಮುಟ್ಟುವಷ್ಟರಲ್ಲಿ ಬೇರೊಂದು ಸಂಕಟ ಹತ್ತಿಕೊಂಡಿತ್ತು. ನೀನೂ ಹೀಗೇ ಏಳುತ್ತಿದ್ದೆಯಾ, ನಿನ್ನ ತಾಯಿ ಏನು ಮಾಡುತ್ತಿದ್ದಳು, ಯಾವ ವಯಸ್ಸಿಗೆ ಸರಿಹೋಯಿತು ಎಂದು ನಾನು ಕೇಳಬೇಕಾಗಿದ್ದವಳು, ಚಾರುವನ್ನು ಹೆತ್ತವಳು, ಈ ಭೂಮಿಯ ಮೇಲೆ ಒಬ್ಬಳಿದ್ದಳು. ಅವಳು ಯಾರೆಂದು ನನಗೆ ಗೊತ್ತಿರಲಿಲ್ಲ. ಆಶ್ರಮಕ್ಕೂ ಹೋಗಿ ಬಂದೆ. ಹೇಳುವಂಥದ್ದು ಅವರ ಬಳಿಯೂ ಇರಲಿಲ್ಲ. ಮುಚ್ಚಿದ ಬಾಗಿಲನ್ನು ಬಡಿಯುವುದು ಬೇರೆ, ಬಾಗಿಲೇ ಇಲ್ಲದ ಗೋಡೆಯನ್ನು ಬಡಿಯುವುದು ಬೇರೆ.

ಮನೆಯಲ್ಲಿ ನರಹರಿಗೆ ಖಡಾಖಂಡಿತವಾಗಿ ಹೇಳಿದೆ: “ನಿಮ್ಮಿಂದ ಬಂದದ್ದು ಅಂದ್ರಲ್ಲ, ಎದ್ದು ನೋಡಿಕೊಳ್ಳಿ.” ಅವರು ಒಂದು ದಿನ ಬಿಟ್ಟು ಒಂದು ದಿನ ಕತ್ತಲಿರುವಾಗಲೇ ಎದ್ದು, ಕಣ್ಣುಜ್ಜಿಕೊಳ್ಳುತ್ತ, ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆನೆ, ಆಮೆ, ನವಿಲು ಬರೆದು ಅವಳನ್ನು ಆಡಿಸಿದರು. ಕೆಲವು ಸಲ ಅರ್ಧ ನವಿಲಿನ ಪಕ್ಕದಲ್ಲೇ ಒರಗಿರುತ್ತಿದ್ದರು. ಆಗ ನಾನೇ ಏಳಬೇಕಾಗುತ್ತಿತ್ತು, ಗೊಣಗುತ್ತಲೇ ಏಳುತ್ತಿದ್ದೆ. ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಹಾಕಿದೆ. ಮಧ್ಯಾಹ್ನದ ನಿದ್ದೆಯೊಂದು ಹೇಗೋ ರೂಢಿಯಾಯಿತು. ಅವಳು ಶಾಲೆಗೆ ಸೇರುವ ಹೊತ್ತಿಗೆ ರಾತ್ರಿಯದೂ ತಕ್ಕಮಟ್ಟಿಗೆ ಸರಿಹೋಯಿತು; ಬೇಗ ಏಳುವುದು ಮಾತ್ರ ಇಂದಿಗೂ ಬಿಟ್ಟಿಲ್ಲ.

ಆ ದಿನಗಳ ಒಂದು ಬೆಳಗು ನನಗೆ ಮರೆಯದು. ನನ್ನ ಪಾಳಿ. ಒಳಗಿರಲಾರದೆ ಅವಳನ್ನೆತ್ತಿಕೊಂಡು ಜಗುಲಿಗೆ ಬಂದು ಕೂತೆ. ಊರು ಇನ್ನೂ ಮಲಗಿತ್ತು. ಎಲ್ಲೋ ಒಂದೂರಿನಲ್ಲಿ ಒಬ್ಬ ಹೆಂಗಸು ಇದೇ ಹೊತ್ತಿಗೆ ತಾನಾಗಿ ಎಚ್ಚರಗೊಂಡು, ಯಾರನ್ನೂ ಎಬ್ಬಿಸದೆ ಮೆಲ್ಲಗೆ ಅಗುಳಿ ತೆಗೆದು, ಹೀಗೇ ಹೊರಗೆ ಬಂದು ನಿಂತಿರಬಹುದು ಎನಿಸಿತು. ಚಾರುವನ್ನು ಬೀದಿಯ ಕಡೆಗೆ ಮುಖ ಮಾಡಿ ತೊಡೆಯ ಮೇಲೆ ಕೂರಿಸಿದೆ. ಅವಳಿಗೆ ಚಳಿಯಾಗದಂತೆ ಸೆರಗು ಹೊದಿಸಿದೆ. ನಾವಿಬ್ಬರೂ ಎದುರು ಮನೆಗಳ ಹೆಂಚಿನ ಮೇಲೆ ಬೆಳಕು ಇಳಿಯುವುದನ್ನು ನೋಡುತ್ತ ಕೂತೆವು.