ಚೂಲಾಬಂದ್ ದಾವತ್

ಬಸ್ಸಮ್ಮ ತಾನೇ ಒಡ್ಡು ಇಳಿದು ಬಂದು ಊಟಕ್ಕೆ ಕರೆದು ಹೋದಾಗಿನಿಂದ ಕುಬ್ರಾಬೇಗಂಗೆ ಸಮಾಧಾನವಿಲ್ಲ.

"ನಾಳೆ ಮನಿಮಂದಿಯೆಲ್ಲಾ ಬರಬೇಕು ಕುಬ್ರಾಕ್ಕ. ನಿಮ್ಮ ಕಡಿ ಏನಂತಾರಲ್ಲ, ಚೂಲಾಬಂದ್ ದಾವತ್. ಮುಂಜಾನಿಂದ ಒಲಿ ಹಚ್ಚಂಗಿಲ್ಲ. ಚಹಾನೂ ನಮ್ಮಲ್ಲೇ."

"ಏನು ವಿಶೇಷರಿ ಅವ್ವಾರ?"

"ಏನಿಲ್ಲ. ಇವರಿಗೆ ಮನಸ್ಸಾಗ್ಯಾದ. ಆಡೂ ಹೊಡಕೊಂಡ್ ಬರ್ರಿ, ಮ್ಯಾಲ ಮೇವು ಅದ."

ಚೂಲಾಬಂದ್ ದಾವತ್ ಎಂದರೆ ಹಾದಿಬೀದಿಯ ಊಟವಲ್ಲ. ಮದುವೆಗೋ ಕೂಸಿನ ಮುಡಿ ತೆಗೆಸುವ ಅಖೀಖಾಕ್ಕೋ ಹತ್ತಿರದ ನೆಂಟರು ಕರೆಯುವ ಕರೆ ಅದು. ಮುದುಕರಿಂದ ಹಾಲು ಕುಡಿಯುವ ಕೂಸಿನವರೆಗೆ ಎಲ್ಲರ ಹೊಟ್ಟೆಯೂ ಆ ದಿನ ಕರೆದವರದು. ಕರೆಸಿಕೊಂಡವರ ಮನೆಯಲ್ಲಿ ಹೊಗೆ ಎದ್ದರೆ ಕರೆದವರಿಗೆ ಅವಮಾನ. ದೇವಾಪುರದಾಚೆಯ ಈ ಹಳ್ಳಕ್ಕೆ ಒಡ್ಡು ಕಟ್ಟಿ, ನೀರು ನಿಲ್ಲಿಸಿ, ಬೋನಾಳದ ಹಕ್ಕಿ ನೋಡಲು ಬಂದವರನ್ನು ಸಂಜೆಗೆ ದೋಣಿ ಹತ್ತಿಸುವ ಬಸ್ಸಮ್ಮನ ಗಂಡ ಚನ್ನಯ್ಯ, ಒಡ್ಡಿನ ಕೆಳಗಿನ ಈ ನಾಲ್ಕಾರು ಮನೆಗಳಿಗೆ ಇಷ್ಟು ವರ್ಷ ಒಂದು ಬಾಳೆಹಣ್ಣೂ ಕೊಟ್ಟವನಲ್ಲ.

ಸಂಜೆ ಸೊಸೆ ಅಲ್ಮಾಸ ಮೇಲಿನಿಂದ ಬಂದಳು. ಚನ್ನಯ್ಯನ ರೆಸಾರ್ಟಿನಲ್ಲಿ ಕೋಣೆ ಗುಡಿಸುವ ಕೆಲಸ ಅವಳದು. ಅತ್ತೆಯ ಅನುಮಾನ ಕೇಳಿ ನಕ್ಕಳು.

"ಹೋಳಿಗಿ ಕೊಟ್ರ ತಿನ್ನೂದು ಬಿಟ್ಟು ಹೂರಣದಾಗ ಹುಳ ಹುಡುಕಾಕತ್ತೀರಿ, ಅಮ್ಮೀ."

"ಆಡಿಗೆ ಯಾರರ ದಾವತ್ ಕೊಡ್ತಾರೇನ, ಹೇಳು ನೋಡೋಣು?"

ಅಲ್ಮಾಸಳ ನಗು ನಿಂತಿತು. ತೊಡೆಯ ಮೇಲಿದ್ದ ಮಗಳು ಗುಡ್ಡಿಯ ತಲೆ ಸವರುತ್ತ ಮೆಲ್ಲಗೆ ಹೇಳಿದಳು: "ನಾಳೆ ಯಾದಗಿರಿಯಿಂದ ಇಂಜಿನಿಯರ್ ಸಾಹೇಬ್ರು ಬರ್ತಾರಂತ. ಒಡ್ಡು ಯಾವ ದರ್ಜೆಯದು ಅಂತ ಬರಕೊಂಡು ಹೋಗಾಕ. ಕೆಳಗ ಯಾರೂ ಇರದಿದ್ರ, ಒಡೆದ್ರೂ ಬರೇ ಹೊಲಕ್ಕ ನೀರು, ಕೆಳಗಿನ ದರ್ಜೆ. ಮಂದಿ ಇದ್ರ ಮಾತ್ರ ಒಡ್ಡು ಗಟ್ಟಿ ಮಾಡಬೇಕು, ಕೋಡಿ ಅಗಲ ಮಾಡಬೇಕು, ಅಲ್ಲೀತನಕ ದೋಣಿ ಬಂದ್. ಮ್ಯಾನೇಜರ್ ಫೋನಿನಾಗ ಅನ್ನಾಕತ್ತಿದ್ದ."

ಕುಬ್ರಾಬೇಗಂ ಹೊಸ್ತಿಲ ಕಡೆ ನೋಡಿದಳು. ಹೋದ ಮಳೆಗಾಲದಲ್ಲಿ ಕೋಡಿ ಮೀರಿ ಬಂದ ನೀರು ಅವಳ ಬದನೆ ಮಡಿಯನ್ನೆಲ್ಲ ಕೊಚ್ಚಿಕೊಂಡು ಹೊಸ್ತಿಲ ಮುಂದೆ ನಿಂತಿತ್ತು. ಒಳಗೆ ತೊಲೆಗೆ ಕಟ್ಟಿದ ಸೀರೆಯ ತೊಟ್ಟಿಲಲ್ಲಿ ಗುಡ್ಡಿ ಮಲಗಿದ್ದಳು. ಮೊನ್ನೆಮೊನ್ನೆಯವರೆಗೂ ಕುಬ್ರಾಬೇಗಂಗೆ ಆ ನೀರಿನ ಮೇಲಷ್ಟೇ ಸಂಶಯವಿತ್ತು. ಈಗ ಬಸ್ಸಮ್ಮನ ಮೇಲೂ ಬಂತು. ಅಲ್ಮಾಸಳ ಹೆರಿಗೆ ಕಷ್ಟವಾದಾಗ ಸುರಪುರದ ಆಸ್ಪತ್ರೆಗೆ ಕಾರು ಕಳಿಸಿದವಳು, ಬಾಣಂತಿಗೆ ತುಪ್ಪ ತಂದುಕೊಟ್ಟವಳು ಇದೇ ಬಸ್ಸಮ್ಮ. ಆ ತುಪ್ಪವನ್ನೂ ಈಗ ತಿರುಗಿ ಮೂಸಿ ನೋಡುವಂತಾಯಿತಲ್ಲ ಎಂದು ಕುಬ್ರಾಬೇಗಂಗೆ ತನ್ನ ಮೇಲೇ ಹೇಸಿಕೆಯಾಯಿತು. ಹೇಸಿಕೆಯಾದರೂ ಸಂಶಯ ಹೋಗಲಿಲ್ಲ.

ಮರುದಿನ ಓಣಿಯ ಎಲ್ಲ ಮನೆಯವರೂ ಒಳ್ಳೆಯ ಬಟ್ಟೆ ಉಟ್ಟು, ಬಾಗಿಲಿಗೆ ಬೀಗ ಹಾಕಿ, ಆಡು ಹೊಡೆದುಕೊಂಡು ಒಡ್ಡು ಹತ್ತಿದರು. "ಮೊಣಕಾಲು ಹಿಡಿದಾವ, ನೀ ನಡಿ, ಹಿಂದಿಂದ ಬರ್ತೀನಿ," ಎಂದು ಕುಬ್ರಾಬೇಗಂ ಅಲ್ಮಾಸಳನ್ನೂ ಕೂಸನ್ನೂ ಕಳಿಸಿದಳು. ಓಣಿಯಲ್ಲಿ ನಿಂತು ನೋಡಿದರೆ ಕೋಳಿಯ ಸದ್ದೂ ಇಲ್ಲ. ಇಲ್ಲಿ ಯಾರೂ ಬಾಳುತ್ತಿಲ್ಲ ಎಂದು ಯಾರಾದರೂ ಹೇಳಿದರೆ ತಾನೂ ನಂಬಬಹುದಿತ್ತು.

ಒಡ್ಡಿನ ಮೇಲೆ ಜೀಪು ಬಂದು ನಿಂತಿತು. ಕುಬ್ರಾಬೇಗಂ ಒಳಗೆ ಹೋಗಿ ಒಲೆ ಹಚ್ಚಿದಳು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಬಸ್ಸಮ್ಮ. ಏದುಸಿರು ಬಿಡುತ್ತಿದ್ದಳು.

"ಇದೇನ ಕುಬ್ರಾಕ್ಕ, ಕರೆದವರ ಮಾನ ಕಳೀತಿಯೇನ? ಹೋಳಿಗಿ ಆರಾಕತ್ಯಾವ."

"ಬರ್ತೀನ್ರಿ. ಮುಂಜಾನಿಂದ ಚಹಾ ಇಲ್ದ ತಲಿ ಸಿಡಿಯಾಕತ್ತಿತ್ತು."

ಬಸ್ಸಮ್ಮ ಒಲೆಯ ಮುಂದೆ ಕುಳಿತಳು. ಮೂಲೆಯಿಂದ ಒಣಗಿದ ತೊಗರಿಕಟ್ಟಿಗೆ ಎಳೆದು ಮುಂದಿಟ್ಟಳು. "ಹೊಗಿ ಭಾಳ ಆಗ್ಯಾದ. ಒಣಾವು ಹಾಕು, ಕಣ್ಣು ಉರೀತಾವ."

ಕಣ್ಣಿಗಾಗಿ ಹೇಳಿದಳೋ, ಹೊಗೆ ಮೇಲಕ್ಕೆ ಕಾಣಬಾರದೆಂದು ಹೇಳಿದಳೋ? ಕುಬ್ರಾಬೇಗಂ ಅವಳ ಮುಖ ನೋಡಿದಳು. ಬಸ್ಸಮ್ಮನ ಕಣ್ಣುಗಳು ನಿಜಕ್ಕೂ ಕೆಂಪಾಗಿದ್ದವು. ಆದರೂ ಕುಬ್ರಾಬೇಗಂ ಕೈಚಾಚಿ ಆಡಿಗೆಂದು ಕಡಿದಿಟ್ಟಿದ್ದ ಹಸಿ ಬೇವಿನ ಟೊಂಗೆಯನ್ನೇ ಒಲೆಗೆ ನೂಕಿದಳು. ದಟ್ಟ ಹೊಗೆ ತಗಡಿನ ಸಂದಿಯಿಂದ ಹೊರಬಿತ್ತು.

ಹೊರಗೆ ಹೆಜ್ಜೆ ಸದ್ದಾಯಿತು. ಇಂಜಿನಿಯರ್ ಮುಂದೆ, ಚನ್ನಯ್ಯ ಹಿಂದೆ.

"ಇಲ್ಲಿ ಮಂದಿ ಇರ್ತಾರೇನ್ರಿ?"

"ಯಾರೂ ಇಲ್ರಿ ಸಾಹೇಬ್ರ," ಚನ್ನಯ್ಯ ನಕ್ಕ. "ಹೊಲದ ಆಳುಗಳು ಹಗಲೊತ್ತು ನೆಳ್ಳಿಗೆ ಬಂದು ಚಹಾ ಕಾಸ್ಕೋತಾರ. ಬೇಕಾದ್ರ ಒಳಗ ನಮ್ಮ ಮನಿಯವರು ಅದಾರ, ಅವರನ್ನ ಕೇಳ್ರಿ."

ಕುಬ್ರಾಬೇಗಂ ಸೆರಗು ತಲೆ ಮೇಲೆ ಎಳೆದುಕೊಂಡು ಎದ್ದಳು. "ಒಳಗ ಬರ್ರಿ ಸಾಹೇಬ್ರ. ನಮ್ಮ ಮನಿಗೆ ಬಂದೀರಿ, ಚಹಾ ಕುಡೀರಿ."

ಇಂಜಿನಿಯರ್ ಬಗ್ಗಿ ಒಳಗೆ ಬಂದಾಗ ತೊಟ್ಟಿಲು ಅವನ ಭುಜಕ್ಕೆ ತಾಗಿ ತೂಗಿತು.

"ಇದು?"

"ಮೊಮ್ಮಗಳದ್ರಿ. ದಿನಾ ರಾತ್ರಿ ಇದರಾಗೇ ಮಲಗ್ತಾಳ."

ಅವನು ಬಸ್ಸಮ್ಮನ ಕಡೆ ನೋಡಿದ. ಚನ್ನಯ್ಯನೂ ನೋಡಿದ. ಬಸ್ಸಮ್ಮ ಇಬ್ಬರನ್ನೂ ನೋಡದೆ ಎದ್ದು ಗೋಡೆಯ ಗೂಡಿನೊಳಗೆ ಕೈ ಹಾಕಿದಳು.

"ಸಕ್ಕರಿ ಡಬ್ಬಿ ಎಲ್ಲಿಟ್ಟಿ ಕುಬ್ರಾಕ್ಕ? ಬಾಣಂತಿ ನೋಡಾಕ ಬಂದಾಗ ಇಲ್ಲೇ ಇತ್ತಲ್ಲ."

ಚನ್ನಯ್ಯನ ನಗು ಅರ್ಧಕ್ಕೇ ನಿಂತಿತು. ಇಂಜಿನಿಯರ್ ಹೊರಗೆ ಹೋಗಿ ಬೀಗ ಹಾಕಿದ ಬಾಗಿಲುಗಳನ್ನು ಒಂದೊಂದಾಗಿ ನೋಡತೊಡಗಿದ. "ಮಂದಿ ಇದ್ರ ದರ್ಜೆನೇ ಬ್ಯಾರೆ ಆಗ್ತದ್ರಿ ಸಾವಕಾರ್ರ," ಎನ್ನುವುದು ಕೇಳಿಸಿತು. "ಒಡ್ಡು ಗಟ್ಟಿ ಆಗೂತನಕ ನೀರು ಇಳಸ್ರಿ."

ಒಳಗೆ ಇಬ್ಬರೇ ಉಳಿದರು. ನನ್ನ ಪರವಾಗಿ ಆಡಿದಳೋ, ಗಂಡನ ಕಣ್ಣು ತಪ್ಪಿಸಲು ಬಾಯಿಗೆ ಬಂದದ್ದು ಆಡಿದಳೋ? ಕುಬ್ರಾಬೇಗಂ ಚಹಾ ಸೋಸಿ ಬಟ್ಟಲಿಗೆ ಬಗ್ಗಿಸಿದಳು. ನಾಳೆ ಒಡ್ಡು ಗಟ್ಟಿ ಮಾಡುವ ಬದಲು ಮನೆಗಳನ್ನೇ ಎಬ್ಬಿಸಲು ಬಂದರೆ, ಆ ಮಾತನ್ನೂ ಇದೇ ಬಸ್ಸಮ್ಮ ಹೋಳಿಗೆಯ ಜೊತೆಗೆ ತರುತ್ತಾಳೋ ಏನೋ.

ಬಸ್ಸಮ್ಮ ಸಕ್ಕರೆ ಹಾಕಿ ಕಲಕಿ ಬಟ್ಟಲು ಮುಂದಿಟ್ಟಳು. ಕುಬ್ರಾಬೇಗಂ ಅದನ್ನು ಒಂದು ಕ್ಷಣ ಮೂಗಿನ ಹತ್ತಿರ ಹಿಡಿದಳು. ಆಮೇಲೆ ಕುಡಿದಳು.